ಜೇನು ಇನ್ನೂ ಲಾರಿಯ ಮೇಲೆ

ಕೋಲ್ಬಿ ಕಾರ್ನರ್, ವಾಷಿಂಗ್ಟನ್ ಕೌಂಟಿ, ಮೇನ್
27 ಏಪ್ರಿಲ್ 1987. ಮೋಡ, ಗಾಳಿ ಕಡಿಮೆ. ಹೊಸ ಚಿಗುರಿಗೆಂದು ಕೆಳಗಿನ ಹೊಲಕ್ಕೆ ಬೆಂಕಿ ಹಾಕಿ ಮುಗಿಯಿತು.

ವಿನ್ನಿ,

ನಿಮ್ಮ ಸರ್ಕಾರಿ ವಕೀಲರ ಕಚೇರಿಯಿಂದ ಇಬ್ಬರು ಶನಿವಾರ ನಮ್ಮೂರಿಗೆ ಬಂದಿದ್ದರು. ಅವರ ಕಾಗದಗಳನ್ನೆಲ್ಲ ಟೈಪ್ ಮಾಡುವವಳು ನೀನೇ ತಾನೆ? ಬರುತ್ತಾರೆ ಎಂದು ಅಣ್ಣನಿಗೆ ಒಂದು ಸಾಲು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ರೈತ ಸಂಘದ ಹಾಲ್‌ನಲ್ಲಿ ಊರವರೆಲ್ಲ ಸೇರುವ ಬೀನ್ಸ್ ಊಟ ನಡೆಯುವಾಗಲೇ ಒಳಗೆ ಬಂದು, ಬ್ಲೂಬೆರಿ ಬೆಳೆಯುವವರ ಜೊತೆ ಮಾತಾಡಬೇಕು ಎಂದರು. ಹಾಲ್ ತುಂಬ ಬ್ಲೂಬೆರಿ ಬೆಳೆಯುವವರೇ ಇದ್ದರು. ಮಾತಾಡುವವರು ಮಾತ್ರ ಒಬ್ಬರೂ ಇರಲಿಲ್ಲ, ಯಾಕೆಂದರೆ ನಮ್ಮ ಹಣ್ಣು ಕೊಳ್ಳುವ ಕಾರ್ಖಾನೆಯ ರಾಡ್ನಿ ಸ್ಪ್ರೇಗ್ ಎರಡನೇ ಮೇಜಿನಲ್ಲಿ ಕೂತು ಉಣ್ಣುತ್ತಿದ್ದ.

ಅವರಲ್ಲಿ ಚಿಕ್ಕವನು ನಮ್ಮ ಪಕ್ಕದ ಹೊಲದ ಮಾರ್ವಿನ್ ಲಂಟ್‌ನನ್ನು ಹಿಡಿದುಕೊಂಡ. ಆಗಸ್ಟ್‌ನಲ್ಲಿ ಹಣ್ಣು ತೂಗಿಸಿ ಕೊಡುತ್ತೀರಿ, ದರ ಗೊತ್ತಾಗುವುದು ನವೆಂಬರ್‌ನಲ್ಲಿ. ತೂಗಿಸುವಾಗಲೇ ದರ ಎಷ್ಟು ಎಂದು ಯಾಕೆ ಕೇಳುವುದಿಲ್ಲ ಎಂದ. ಮಾರ್ವಿನ್ ಅವನನ್ನು ಮೇಲಿಂದ ಕೆಳಗೆ ನೋಡಿ, "ತೂಕದ ಕಟ್ಟೆ ಮೇಲೆ ನಿಂತ್ಕೊಂಡು ದರ ಕೇಳೋದಾ? ನಿಮ್ಮಪ್ಪ ಅಮ್ಮ ನಿಮಗೆ ಏನೂ ಕಲಿಸ್ಲಿಲ್ವಾ?" ಎಂದ. ಇಬ್ಬರೂ ಒಂದೊಂದು ತುಂಡು ಪೈ ತಿಂದು ಹೊರಟುಹೋದರು.

ವಿಷಯ ಏನೆಂದರೆ, ಮೂರನೇ ಖರೀದಿದಾರನನ್ನೂ ಕಾರ್ಖಾನೆ ಕೊಂಡುಕೊಂಡಿದೆ. ಈಗ ಹಣ್ಣು ಕೊಡಲು ಇರುವುದು ಅದೊಂದೇ ಬಾಗಿಲು. ಹಣ್ಣು ತುಂಬುವ ಹಸಿರು ಪೆಟ್ಟಿಗೆಗಳು ಅವರವು, ಹೂವು ಕಾಯಿಕಟ್ಟಲೆಂದು ತರುವ ಜೇನುಪೆಟ್ಟಿಗೆಗಳು ಅವರವು. ನಿಮ್ಮವರು ನಿಜಕ್ಕೂ ಏನಾದರೂ ಮಾಡುತ್ತಾರಾ, ಪೈ ತಿನ್ನಲಷ್ಟೇ ಬಂದಿದ್ದರಾ?

ಫೋನ್ ಮಾಡಬೇಡ. ಟ್ರ್ಯಾಕ್ಟರ್ ಸದ್ದಿಗೆ ಒಂದು ಕಿವಿ ಪೂರ್ತಿ ಹೋಗಿದೆ.

ಎಲ್ವುಡ್


ಅಗಸ್ಟಾ
6 ಮೇ 1987

ಪ್ರೀತಿಯ ಎಲ್ವುಡ್,

ಬಂದವರು ನಮ್ಮವರೇ. ನನಗೆ ಮೊದಲೇ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ, ಕ್ಷಮಿಸು.

ಟೈಪಿಸ್ಟ್ ಆಗಿದ್ದುಕೊಂಡು ಇಷ್ಟು ಬರೆಯಬಹುದು ಎಂದುಕೊಂಡಿದ್ದೇನೆ, ಇದೆಲ್ಲ ಪತ್ರಿಕೆಯಲ್ಲೂ ಬಂದಿದೆ. ಕೊಳ್ಳುವವನು ಒಬ್ಬನೇ ಉಳಿದರೆ ಅದೇ ಅಪರಾಧವಲ್ಲ. ಆ ಬಲದಿಂದ ಅವನು ಮಾರುವವರ ಕತ್ತು ಹಿಸುಕಿದರೆ ನಮ್ಮ ರಾಜ್ಯದ ಕಾನೂನು ನಡುವೆ ಬರಬಹುದು. ಆದರೆ ಹಿಸುಕಿದ್ದನ್ನು ಯಾರಾದರೂ ಹೇಳಬೇಕಲ್ಲ? ನಮ್ಮ ವಕೀಲೆ ಶ್ರೀಮತಿ ಹ್ಯಾಸ್ಕೆಲ್ ನಿಮ್ಮ ಕೌಂಟಿಯಲ್ಲಿ ಐವತ್ತು ಮನೆಯ ಬಾಗಿಲು ತಟ್ಟಿಸಿದ್ದಾರೆ. ಐವತ್ತು ಮನೆಯಲ್ಲೂ ಕಾಫಿ ಕೊಟ್ಟರಂತೆ, ಒಂದರಲ್ಲೂ ಬಾಯಿ ಬಿಡಲಿಲ್ಲವಂತೆ. ಒಬ್ಬ ಬಾಯಿ ಬಿಟ್ಟರೆ ಸಾಕು, ಎಲ್ವುಡ್. ನೀನೇ ಯಾಕೆ ಆ ಒಬ್ಬನಾಗಬಾರದು ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಪೆಟ್ಟಿಗೆ ಕೊಡದಿದ್ದರೆ ನೀನು ಹಣ್ಣನ್ನು ಏನು ಮಾಡುತ್ತೀಯ ಎಂದು ಹನ್ನೊಂದನೇ ಸಲ ಅನ್ನಿಸುತ್ತದೆ.

ಇನ್ನೊಂದು ಮಾತು, ಇದನ್ನು ಮಾರ್ವಿನ್‌ಗೂ ಹೇಳು. ಊರವರೆಲ್ಲ ಕೂತು "ಇಷ್ಟು ಕೊಟ್ಟರೆ ಮಾತ್ರ ಹಣ್ಣು" ಎಂದು ಗುಟ್ಟಾಗಿ ಮಾತು ಕಟ್ಟಿಕೊಳ್ಳಬೇಡಿ. ಕ್ರಮವಾಗಿ ಸಹಕಾರ ಸಂಘ ಮಾಡಿಕೊಂಡರೆ ಬೇರೆ. ಅದಿಲ್ಲದೆ ಮಾಡಿದರೆ ಇದೇ ಕಾನೂನು ನಿಮ್ಮನ್ನೂ ಹಿಡಿಯುತ್ತದೆ. ನನ್ನಣ್ಣನ ಹೆಸರು ಆರೋಪಪಟ್ಟಿಯಲ್ಲಿ ಟೈಪ್ ಮಾಡುವ ಗತಿ ನನಗೆ ಬರದಿರಲಿ.

ಲೈಲಾಕ್ ಗಿಡ ಮೊಗ್ಗು ಬಿಟ್ಟಿದೆಯಾ? ಅಮ್ಮ ಹೋದ ದಿನ ಸಮಾಧಿಗೆ ಹೂವು ಇಡುವುದನ್ನು ಮರೆಯಬೇಡ.

ವಿನ್ನಿ


ಕೋಲ್ಬಿ ಕಾರ್ನರ್
4 ಜೂನ್. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು. ಮೇಲಿನ ಹೊಲ ಪೂರ್ತಿ ಹೂವು.

ವಿನ್ನಿ,

ಬರೆಯಲು ತಡವಾಯಿತು. ಅಂಥದ್ದೇನೂ ವಿಶೇಷ ಇಲ್ಲ. ಜೇನು ಬಂದಿದೆ, ಇಪ್ಪತ್ತನಾಲ್ಕು ಪೆಟ್ಟಿಗೆ, ಎಲ್ಲವೂ ಚುರುಕಾಗಿವೆ. ಕರಡಿ ಬರದಿರಲೆಂದು ಸುತ್ತ ತಂತಿ ಕಟ್ಟಿದೆ. ಮಾರ್ವಿನ್‌ನ ಹೆಂಡತಿ ಹೊಸ ಹಲ್ಲಿನ ಸೆಟ್ ಹಾಕಿಸಿಕೊಂಡಿದ್ದಾಳೆ, ಈಗ ನಕ್ಕರೆ ಬೇರೆ ಯಾರೋ ನಕ್ಕಂತೆ ಕಾಣುತ್ತದೆ. ಪಂಪ್‌ನ ಬೆಲ್ಟ್ ಹರಿದಿತ್ತು, ಬದಲಾಯಿಸಿದೆ. ಹೊಳೆಯಲ್ಲಿ ಈ ಸಲ ಮೀನು ಚೆನ್ನಾಗಿ ಬಂತು. ಬೆಕ್ಕು ಮರಿ ಹಾಕಿದೆ, ಐದು.

ನೀನು ಕೇಳಿದ ವಿಷಯ ಯೋಚಿಸಿದೆ. ಈ ವರ್ಷ ಬೇಡ ಅನ್ನಿಸುತ್ತದೆ. ಮೇಲಿನ ಹೊಲ ಇಷ್ಟು ಹೂವು ಬಿಟ್ಟಿದ್ದನ್ನು ನಾನು ನೋಡಿಯೇ ಇಲ್ಲ. ಎರಡು ವರ್ಷಕ್ಕೊಂದು ಬೆಳೆ, ನನಗೂ ಐವತ್ತೊಂಬತ್ತಾಯಿತು. ಬೇರೆ ಯಾರಾದರೂ ಹೇಳುತ್ತಾರೆ ಬಿಡು.

ರಾಡ್ನಿ ಸಿಕ್ಕಿದ್ದ. ಅವನಿಗೂ ಬೆನ್ನುನೋವಂತೆ.

ಎಲ್ವುಡ್


ಅಗಸ್ಟಾ
9 ಜುಲೈ 1987

ಪ್ರೀತಿಯ ಎಲ್ವುಡ್,

ನಾನು ಚೆನ್ನಾಗಿದ್ದೇನೆ. ಕೆಲಸ ಜಾಸ್ತಿ ಇದೆ.

ಮೇ 27ರಂದು ಅಲ್ಲಿ ಮಂಜಿತ್ತೇ?

ಇಷ್ಟೇ. ಬೇಗ ಉತ್ತರ ಬರೆ.

ವಿನಿಫ್ರೆಡ್


ಕೋಲ್ಬಿ ಕಾರ್ನರ್
14 ಜುಲೈ. ಸೆಕೆ, ಸಂಜೆ ಗುಡುಗು. ಕಾಯಿಗೆ ಬಣ್ಣ ಬರುತ್ತಿದೆ.

ವಿನ್ನಿ,

ಎರಡು ತಿಂಗಳ ಮೇಲೆ ಬಂದ ಪತ್ರ, ನಾಲ್ಕು ಸಾಲು, ಅದೂ ಟೈಪ್ ಮಾಡಿದ್ದು. ಕೆಳಗೆ ಪೂರ್ತಿ ಹೆಸರು. ಅಮ್ಮ ಸಿಟ್ಟು ಬಂದಾಗಲೇ ನಿನ್ನನ್ನು ವಿನಿಫ್ರೆಡ್ ಎನ್ನುತ್ತಿದ್ದಳು. ನನಗೆ ಅರ್ಥವಾಯಿತು. ಯಾರೋ ನಿನಗೆ ಹೇಳಿದ್ದಾರೆ.

ಹೌದು, ಮೇ 27 ಅಮ್ಮ ಹೋದ ದಿನ. ಹೌದು, ನಾನು ಸಮಾಧಿಗೆ ಹೂವು ಇಡಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು ತಪ್ಪಿದ್ದು. ಮಂಜು ಇತ್ತು, ಆದರೆ ಮಂಜಿನ ನೆಪ ಹೇಳುವುದಿಲ್ಲ. ನಿನಗೆ ತಿಳಿಸಬಾರದು ಅಂದುಕೊಂಡಿದ್ದೆ. ನೀನಾಗಿ ಕೇಳಿದ ಮೇಲೆ ಮುಚ್ಚಿಟ್ಟರೆ ಅಮ್ಮನ ಹೆಸರಿನಲ್ಲಿ ಸುಳ್ಳು ಹೇಳಿದಂತಾಗುತ್ತದೆ.

ಲೈಲಾಕ್ ಕೊಯ್ದು ಬಕೆಟ್‌ನಲ್ಲಿ ಇಟ್ಟಿದ್ದೆ. ಏಳು ಗಂಟೆಗೆ ರಾಡ್ನಿ ಲಾರಿ ತಂದ. ಲಾರಿ ತುಂಬ ಜೇನುಪೆಟ್ಟಿಗೆ, ಪಕ್ಕದ ಸೀಟಿನ ಮೇಲೆ ಒಂದು ಕಾಗದ. ಮೊದಲು ಕಾಗದ ಎಂದ. ಕಾರ್ಖಾನೆ ಕೊಡುವ ದರದಿಂದ ನಮಗೆ ತೃಪ್ತಿಯಾಗಿದೆ, ನಮ್ಮ ಮೇಲೆ ಯಾರ ಒತ್ತಾಯವೂ ಇಲ್ಲ ಎಂದು ಅದರಲ್ಲಿತ್ತು. ಜೇನು ಇಳಿಸು, ಆಮೇಲೆ ಓದುತ್ತೇನೆ ಎಂದೆ. ಅವನು ಜೇನಿನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. "ಇವತ್ತು ಇನ್ನೂ ಹನ್ನೆರಡು ಮನೆ ಇದೆ ಎಲ್ವುಡ್. ನೀನು ಬೇಡ ಅಂದ್ರೆ ಈ ಪೆಟ್ಟಿಗೆ ಅಲ್ಲಿಗೇ ಹೋಗ್ತವೆ," ಎಂದ.

ಮೂರು ಗಂಟೆ ಹೊತ್ತು ಆ ಕಾಗದ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಹೂವು ಬಿಟ್ಟ ಹೊಲ ಎದುರಿಗೇ ಇತ್ತು. ಜೇನಿಲ್ಲದಿದ್ದರೆ ಅದು ಬರೀ ಹೂವು. ಹತ್ತಕ್ಕೆ ಸಹಿ ಹಾಕಿದೆ. ಆಮೇಲೆ ಅಮ್ಮನ ಮುಂದೆ ಹೋಗಿ ನಿಲ್ಲಲು ಮುಖ ಇರಲಿಲ್ಲ, ಹೂವು ಬಕೆಟ್‌ನಲ್ಲೇ ಬಾಡಿತು.

ಈಗ ಸಮಾಧಾನವಾಯಿತಾ? ನಿನಗೆ ಚಾಡಿ ಹೇಳಿದವರು ಮಾರ್ವಿನ್‌ನ ಹೆಂಡತಿಯೇ ಇರಬೇಕು. ಆ ಹೊಸ ಹಲ್ಲು ಬಂದ ಮೇಲೆ ಬಾಯಿ ನಿಲ್ಲುವುದೇ ಇಲ್ಲ.

ಎಲ್ವುಡ್


ಅಗಸ್ಟಾ
18 ಜುಲೈ 1987

ಪ್ರೀತಿಯ ಎಲ್ವುಡ್,

ಯಾರೂ ಚಾಡಿ ಹೇಳಿಲ್ಲ. ನಾನು ಸಮಾಧಿಯ ಹೂವಿನ ಬಗ್ಗೆ ಕೇಳಿರಲೇ ಇಲ್ಲ. ನಿನ್ನ ಪತ್ರ ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಅತ್ತು ಮುಗಿದ ಮೇಲೆ ಭಯವಾಯಿತು, ಅದು ಇನ್ನೂ ಹೋಗಿಲ್ಲ.

ಆ ಕಾಗದ ನನ್ನ ಮೇಜಿನ ಮೇಲಿದೆ. ಕಾರ್ಖಾನೆಯ ವಕೀಲರು ಜುಲೈ 7ರಂದು ಅದನ್ನು ನಮಗೆ ಕಳಿಸಿದರು: ನೋಡಿ, ಮೂವತ್ತೆರಡು ಬೆಳೆಗಾರರು ತಾವಾಗಿಯೇ ಸಹಿ ಹಾಕಿದ್ದಾರೆ, ಇನ್ನು ನಿಮ್ಮ ಮೊಕದ್ದಮೆ ಮುಚ್ಚಿ ಎಂದು. ಶ್ರೀಮತಿ ಹ್ಯಾಸ್ಕೆಲ್ ಸಹಿಗಳನ್ನು ಎಣಿಸಿ, ಮುಖ ಒರೆಸಿಕೊಂಡು, ಕಾಗದವನ್ನು ನನಗೆ ಕೊಟ್ಟು ಪಟ್ಟಿ ಟೈಪ್ ಮಾಡು ಎಂದರು. ಮೊದಲನೇ ಹೆಸರು ನಿನ್ನದು.

ಆಮೇಲೆ ತಾರೀಖಿನ ಕಾಲಂ ಓದಿದೆ. ನೀನು ಏನು ಬರೆದಿದ್ದೀಯ ಎಂದು ನಿನಗೇ ನೆನಪಿಲ್ಲ, ಅಲ್ಲವಾ? ಅಪ್ಪ ಡೈರಿಯಲ್ಲಿ ಬರೆಯುತ್ತಿದ್ದ ಹಾಗೆ, ಈ ಪತ್ರಗಳ ತಲೆಯ ಮೇಲೆ ನೀನು ಬರೆಯುವ ಹಾಗೆ, ಸಣ್ಣ ಅಕ್ಷರದಲ್ಲಿ: "27 ಮೇ. ಹತ್ತರವರೆಗೆ ಮಂಜು. ಜೇನು ಇನ್ನೂ ಲಾರಿಯ ಮೇಲೆ."

ಎಲ್ವುಡ್, ನಿನ್ನ ಕೆಳಗೆ ಮಾರ್ವಿನ್ ಸಹಿ ಇದೆ. ತಾರೀಖಿನ ಪಕ್ಕ ಅವನು "ಮಂಜು ಹೋಯಿತು, ಉಳಿದದ್ದು ಮೇಲಿನಂತೆ" ಎಂದು ಬರೆದಿದ್ದಾನೆ. ಅವನ ಕೆಳಗಿನವರು ತಾರೀಖು ಬರೆದು, ಮೋಡವೋ ಬಿಸಿಲೋ ಬರೆದು, ಮತ್ತೆ "ಮೇಲಿನಂತೆ". ಮೂವತ್ತೊಂದು ಸಲ ಮೇಲಿನಂತೆ. ರಾಡ್ನಿ ಒಂದೇ ಕಾಗದವನ್ನು ಲಾರಿಯಲ್ಲಿ ಮನೆಯಿಂದ ಮನೆಗೆ ಒಯ್ದಿದ್ದಾನೆ, ಒಂದು ಮನೆಯಲ್ಲೂ ಸಹಿಗೆ ಮೊದಲು ಜೇನು ಇಳಿಸಿಲ್ಲ. ಅವನೂ ಅಲ್ಲಿಯವನೇ. ತಾರೀಖಿನ ಪಕ್ಕ ಹವಾಮಾನ ಬರೆದಿದ್ದು ಅವನ ಕಣ್ಣಿಗೆ ವಿಚಿತ್ರವಾಗಿ ಕಂಡಿರಲಾರದು. ಊರಾಚೆಯ ವಕೀಲರು ಸಹಿ ಮಾತ್ರ ನೋಡಿದ್ದಾರೆ.

ಇದನ್ನು ಓದಿದವಳು ನಾನೊಬ್ಬಳೇ. ಓದಿ ಹನ್ನೊಂದು ದಿನವಾಯಿತು. ಯಾರಿಗೂ ಹೇಳಿಲ್ಲ. ತೋರಿಸಿದರೆ ಶ್ರೀಮತಿ ಹ್ಯಾಸ್ಕೆಲ್ ಕೈಗೆ ಬೇಕಾದ ಸಾಕ್ಷಿ ಸಿಗುತ್ತದೆ, ನಿನ್ನನ್ನು ಪ್ರಮಾಣ ಮಾಡಿಸಿ ಕೇಳುತ್ತಾರೆ, ಕಾರ್ಖಾನೆಗೆ ಅದೇ ವಾರ ತಿಳಿಯುತ್ತದೆ. ಆಗ ನಿನಗೆ ಹಣ್ಣಿನ ಪೆಟ್ಟಿಗೆ ಯಾರು ಕೊಡುತ್ತಾರೆ? ಮೇಲಿನ ಹೊಲದ ಹಣ್ಣು ಕಪ್ಪಾಗಿ ಉದುರುವುದು ನನ್ನ ಕಣ್ಣಿಗೆ ಕಟ್ಟುತ್ತದೆ. ತೋರಿಸದಿದ್ದರೆ, ನಮ್ಮವರು ಜುಲೈ 31ಕ್ಕೆ ಮೊಕದ್ದಮೆ ಕೈಬಿಡುತ್ತಾರೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಒಂದು ಅಲ್ಪವಿರಾಮವನ್ನೂ ಬಚ್ಚಿಟ್ಟವಳಲ್ಲ.

ನಿನಗೆ ಇದನ್ನೆಲ್ಲ ಬರೆಯುವುದೂ ತಪ್ಪೇ. ಬರೆದುಬಿಟ್ಟೆ.

ವಿನ್ನಿ


ಕೋಲ್ಬಿ ಕಾರ್ನರ್
22 ಜುಲೈ. ಒಣ ಗಾಳಿ. ಮೇಲಿನ ಹೊಲದ ದಕ್ಷಿಣದ ಇಳಿಜಾರು ಹಣ್ಣಾಗಿ ಪೂರ್ತಿ ನೀಲಿ.

ವಿನ್ನಿ,

ನಿನ್ನ ಪತ್ರ ಎರಡು ಸಲ ಓದಿದೆ. ಮೊದಲನೇ ಸಲ ನಿನ್ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹನ್ನೊಂದು ದಿನ ಬಚ್ಚಿಟ್ಟುಕೊಂಡು, ನಡುವೆ ಮಂಜಿತ್ತಾ ಅಂತ ಮಾತ್ರ ಕೇಳುತ್ತೀಯಲ್ಲ. ನನಗೆ ಅಷ್ಟೂ ಧೈರ್ಯ ಇಲ್ಲ ಎಂದುಕೊಂಡೆಯಾ? ಎರಡನೇ ಸಲ ಓದಿದಾಗ, ನನಗೆ ಧೈರ್ಯ ಇಲ್ಲ ಎಂದು ಸಹಿ ಹಾಕಿ ಕೊಟ್ಟವನು ನಾನೇ ಎಂದು ನೆನಪಾಯಿತು.

ಅದನ್ನು ಬರೆದದ್ದು ನನಗೆ ಖಂಡಿತ ನೆನಪಿಲ್ಲ. ಕೈ ತಾನಾಗಿ ಬರೆದಿದೆ. ಹೊಂಚು ಹಾಕಿ ಬರೆದೆ ಎಂದು ನಿಮ್ಮ ವಕೀಲೆ ತಿಳಿದುಕೊಳ್ಳದಿರಲಿ, ಅಷ್ಟು ಜಾಣ ನಾನಲ್ಲ.

ನಿನ್ನೆ ಮಾರ್ವಿನ್ ಬೇಲಿ ಹತ್ತಿರ ಸಿಕ್ಕಿದ. ಕಾಗದದ ಮಾತು ನಾನು ಎತ್ತಲಿಲ್ಲ. ಅವನೇ, "ಸಹಿ ಹಾಕ್ದಾಗಿಂದ ಊಟ ಸೇರ್ತಿಲ್ಲ ಕಣೋ," ಎಂದ. ಇಬ್ಬರೂ ಸ್ವಲ್ಪ ಹೊತ್ತು ಹೊಲ ನೋಡಿಕೊಂಡು ನಿಂತಿದ್ದು ಮನೆಗೆ ಹೋದೆವು.

ನನಗೆ ಭಯ ಇದೆ, ವಿನ್ನಿ. ಕಳೆದ ವಾರದಿಂದ ರಸ್ತೆಯಲ್ಲಿ ಲಾರಿ ಸದ್ದಾದರೆ ಕಿಟಕಿಗೆ ಹೋಗಿ ರಾಡ್ನಿಯೋ ಎಂದು ನೋಡುತ್ತೇನೆ. ಈ ಹಣ್ಣು ಉದುರಿದರೆ ಮುಂದಿನ ಬೆಳೆ ಬರುವವರೆಗೆ ಈ ಹೊಲ ನನ್ನ ಹೆಸರಿನಲ್ಲಿ ಉಳಿಯುವುದು ಕಷ್ಟ. ಅದು ನಿನಗೂ ಗೊತ್ತು, ಅದಕ್ಕೇ ನೀನು ಬಚ್ಚಿಟ್ಟೆ. ಆದರೆ ಆ ಕಾಗದದಲ್ಲಿ ಬರೆದದ್ದರಲ್ಲಿ ನಿಜವಾದ ಮಾತು ಎಂದರೆ ಅದೊಂದೇ ಸಾಲು. ಅದನ್ನು ಸುಳ್ಳು ಎಂದು ಹೇಳಲು ನನ್ನಿಂದ ಆಗುವುದಿಲ್ಲ.

ತೋರಿಸು. ಅದು ನಿನ್ನಣ್ಣನ ಅಕ್ಷರ ಎಂದೂ ಹೇಳು.

ಎಲ್ವುಡ್


ಅಗಸ್ಟಾ
8 ಆಗಸ್ಟ್ 1987

ಪ್ರೀತಿಯ ಎಲ್ವುಡ್,

ಹದಿನೇಳು ದಿನದಿಂದ ನಿನ್ನ ಪತ್ರ ಇಲ್ಲ. ಪೆಟ್ಟಿಗೆ ಬಂತಾ? ಮಿಕ್ಕಿದ್ದನ್ನು ಆಮೇಲೆ ಓದು, ಮೊದಲು ಅದಕ್ಕೆ ಉತ್ತರ ಬರೆ.

ನಿನ್ನ ಪತ್ರ ಬಂದ ದಿನವೇ ತೋರಿಸಿದೆ. ಶ್ರೀಮತಿ ಹ್ಯಾಸ್ಕೆಲ್ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಕಾಲಂ ಪೂರ್ತಿ ಬೆರಳಿಟ್ಟು ಓದಿದರು. "ನಿಮ್ಮೂರಲ್ಲಿ ಎಲ್ರೂ ಹೀಗೇ ಬರೀತಾರಾ?" ಎಂದರು. ಹೌದು ಎಂದೆ. ಹೇಳಲು ಇಷ್ಟು ದಿನ ಯಾಕೆ ಬೇಕಾಯಿತು ಎಂದರು. ಮೊದಲನೇ ಹೆಸರು ನನ್ನಣ್ಣನದು ಎಂದೆ, ನಿನಗೆ ಬರೆದದ್ದನ್ನೂ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಟೈಪ್‌ರೈಟರ್ ಎರಡನೇ ಮಹಡಿಗೆ ಹೋಗಿತ್ತು. ಈಗ ಹಳೆ ಕಾರು ಕೊಂಡು ಮೋಸಹೋದವರ ದೂರುಗಳನ್ನು ಟೈಪ್ ಮಾಡುತ್ತೇನೆ. ನನ್ನ ಮೇಲಿನ ವಿಚಾರಣೆ ಸೆಪ್ಟೆಂಬರ್‌ನಲ್ಲಿ. ಅದರ ಚಿಂತೆ ನಿನಗೆ ಬೇಡ.

ನಿಮ್ಮ ಮೊಕದ್ದಮೆ ಕೆಳಗಿನ ಮಹಡಿಯಲ್ಲೇ ನಡೆಯುತ್ತಿದೆ, ನನಗೆ ಮಾತ್ರ ಬಾಗಿಲು ಮುಚ್ಚಿದೆ. ಎಲ್ಲರಂತೆ ಪತ್ರಿಕೆ ಓದಿ ತಿಳಿಯಬೇಕು. ನಿನ್ನೆಯ ಪತ್ರಿಕೆಯಲ್ಲಿತ್ತು: ರಾಜ್ಯದ ಜೊತೆ ಮಾತಾಡಿದ್ದಕ್ಕೆ ಯಾವ ಬೆಳೆಗಾರನಿಗೂ ಪೆಟ್ಟಿಗೆ ನಿಲ್ಲಿಸುವಂತಿಲ್ಲ, ಹಣ್ಣು ಬೇಡ ಎನ್ನುವಂತಿಲ್ಲ ಎಂದು ನ್ಯಾಯಾಧೀಶರು ತಾತ್ಕಾಲಿಕವಾಗಿ ಆಜ್ಞೆ ಮಾಡಿದ್ದಾರೆ. ದರದ ಬಗ್ಗೆ ಒಂದು ಮಾತೂ ಇಲ್ಲ. ಆಜ್ಞೆ ಕಾಗದದ ಮೇಲಿದೆ, ಪೆಟ್ಟಿಗೆ ನಿನ್ನ ಅಂಗಳಕ್ಕೆ ಬಂದಿದೆಯೋ ಇಲ್ಲವೋ ಯಾವ ಪತ್ರಿಕೆಯೂ ಬರೆದಿಲ್ಲ.

ಹಣ್ಣು ಎಷ್ಟು ಉದುರಿದೆ? ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟು ಎಂದೇ ಬರೆ.

ವಿನ್ನಿ


ಕಾರ್ಖಾನೆಯ ಅಂಗಳ
12 ಆಗಸ್ಟ್. ಉರಿಬಿಸಿಲು, ಗಾಳಿ ಇಲ್ಲ. ಹಣ್ಣು ಇನ್ನೂ ಲಾರಿಯ ಮೇಲೆ.

ವಿನ್ನಿ,

ಸಿಟ್ಟಿಲ್ಲ. ಬರೆಯಲು ಕೂತರೆ ಪೆಟ್ಟಿಗೆ ಬರಲಿಲ್ಲ ಎಂಬುದೊಂದೇ ಸಾಲು ಇತ್ತು, ಅದನ್ನು ಕಳಿಸುವ ಮನಸ್ಸಾಗಲಿಲ್ಲ. ನಿಮ್ಮ ವಕೀಲೆಗೆ ನಾನು ಹೇಳಿಕೆ ಕೊಟ್ಟ ಮೇಲೆ ಊರಿಗೆಲ್ಲ ಬಂದವು, ನನ್ನ ಅಂಗಳಕ್ಕಿಲ್ಲ. ಒಂಬತ್ತು ದಿನ ಹಣ್ಣು ನೋಡಿಕೊಂಡು ಕೂತಿದ್ದೆ. ಮೊನ್ನೆ ರಾಡ್ನಿ ತಂದು, ಮುಖ ನೋಡದೆ, ಒಂದೊಂದಾಗಿ ಎಸೆದು ಹೋದ. ದಕ್ಷಿಣದ ಇಳಿಜಾರು ಅರ್ಧ ನೆಲದ ಪಾಲಾಗಿದೆ. ಗಿಡದ ಮೇಲೆ ಉಳಿದದ್ದನ್ನು ಎರಡು ದಿನದಲ್ಲಿ ಹಲ್ಲಿನ ಮೊರದಿಂದ ಬಾಚಿದೆವು. ಮಾರ್ವಿನ್ ತನ್ನ ಹೊಲ ಬಿಟ್ಟು ಬಂದು ಬಾಚಿದ, ಅವನ ಹೆಂಡತಿಯೂ ಬಂದಳು. ಅವಳನ್ನು ಅಂದದ್ದೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ.

ಈಗ ಲಾರಿಯಲ್ಲಿ ಕೂತು ಬ್ರೆಡ್ಡಿನ ಚೀಲ ಹರಿದು ಅದರ ಮೇಲೆ ಬರೆಯುತ್ತಿದ್ದೇನೆ. ಏನಾಯಿತು ಎಂದರೆ, ನನ್ನ ಸರದಿ ಬಂತು. ತೂಕದ ಕಟ್ಟೆ ಮೇಲೆ ಲಾರಿ ಹತ್ತಿಸಿದೆ. ರಾಡ್ನಿ ತೂಕ ಬರೆದು ಚೀಟಿ ಹರಿದು ಚಾಚಿದ. ಅದನ್ನು ತೆಗೆದುಕೊಳ್ಳಲು ಕೈ ಮುಂದೆ ಹೋಗಲಿಲ್ಲ. ನಲವತ್ತು ವರ್ಷದಲ್ಲಿ ಕೇಳದಿದ್ದನ್ನು ಕೇಳಿದೆ.

"ದರ ಎಷ್ಟು, ರಾಡ್ನಿ?"

"ಚೀಟಿ ತಗೊಂಡು ಹೋಗು ಎಲ್ವುಡ್. ಹಿಂದೆ ಜನ ಕಾಯ್ತಿದಾರೆ."

"ಕಾಯ್ಲಿ. ಎಷ್ಟು ಅಂತ ಕೇಳ್ದೆ."

ಅವನು ಕಿಟಕಿ ಹತ್ತಿರ ಬಂದ. ನನ್ನ ಕೇಳಿಸುವ ಕಿವಿಯ ಕಡೆಗೇ ಬಂದ, ಅಷ್ಟು ಮರ್ಯಾದೆ ಅವನಿಗೆ ಉಳಿದಿದೆ. "ನಂಗೂ ಗೊತ್ತಿಲ್ಲ ಮಾರಾಯ. ಇಪ್ಪತ್ತು ವರ್ಷ ಆಯ್ತು, ಒಂದ್ ಸಲಾನೂ ನಂಗೆ ಮೊದ್ಲೇ ಹೇಳಿಲ್ಲ."

"ಹಾಗಾದ್ರೆ ಹೋಗಿ ಕೇಳ್ಕೊಂಡು ಬಾ," ಎಂದು ಲಾರಿಯ ಕೀ ತಿರುಗಿಸಿ ಆಫ್ ಮಾಡಿದೆ.

ಆಮೇಲೆ ನನ್ನ ಹಿಂದೆ ಮಾರ್ವಿನ್‌ನ ಲಾರಿ ಸುಮ್ಮನಾಯಿತು. ಅವನ ಹಿಂದಿನದ್ದೂ ಸುಮ್ಮನಾಯಿತು. ಹೀಗೇ ಗೇಟಿನವರೆಗೆ, ಗೇಟಿನಾಚೆ ಸೇತುವೆಯವರೆಗೆ. ನಿನ್ನ ಮಾತು ನೆನಪಿದೆ, ವಿನ್ನಿ. ಯಾರೂ ಯಾರಿಗೂ ಒಂದು ಮಾತು ಹೇಳಿಲ್ಲ, ಯಾವ ಒಪ್ಪಂದವೂ ಇಲ್ಲ. ಕನ್ನಡಿಯಲ್ಲಿ ಮಾರ್ವಿನ್ ಕಾಣುತ್ತಾನೆ. ಆಕಾಶದಲ್ಲಿ ಏನೋ ಹುಡುಕುವವನ ಹಾಗೆ ಕೂತಿದ್ದಾನೆ, ನನ್ನ ಕಡೆ ನೋಡುತ್ತಲೇ ಇಲ್ಲ.

ರಾಡ್ನಿ ಒಳಗೆ ಹೋಗಿ ಒಂದು ಗಂಟೆಯ ಮೇಲಾಯಿತು. ಫೋನ್ ಮಾಡುತ್ತಿರುವುದು ಕಿಟಕಿಯಿಂದ ಕಾಣುತ್ತದೆ. ಬಿಸಿಲಿಗೆ ಕೆಳಗಿನ ಪೆಟ್ಟಿಗೆಗಳಿಂದ ರಸ ತೊಟ್ಟಿಕ್ಕಲು ಶುರುವಾಗಿದೆ. ಇನ್ನೊಂದು ಗಂಟೆ ಹೀಗೇ ನಿಂತರೆ ಇವನ್ನು ಹಂದಿಗೆ ಹಾಕಬೇಕಾಗುತ್ತದೆ. ಕೀ ಮೇಲೆ ಎರಡು ಸಲ ಕೈ ಹೋಯಿತು. ಎರಡು ಸಲವೂ ಕನ್ನಡಿ ನೋಡಿ ಕೈ ತೆಗೆದೆ.

ಬಾಗಿಲು ತೆರೆಯಿತು. ರಾಡ್ನಿ ಹೊರಗೆ ಬಂದ, ಅಂಗಿ ಪೂರ್ತಿ ಬೆವರು. ಕೈಯಲ್ಲಿ ಸೀಮೆಸುಣ್ಣ ಇದೆ. ಸುತ್ತಲೂ ನೋಡುತ್ತಿದ್ದಾನೆ. ಇಲ್ಲಿ ದರ ಬರೆಯಲು ಒಂದು ಹಲಗೆ ಕೂಡ ಇಲ್ಲ, ಇದುವರೆಗೆ ಬೇಕಾಗಿಯೇ ಇರಲಿಲ್ಲ. ಈಗ ಗೋಡೆಯ ಕಡೆ ತಿರುಗಿದ. ಗೋಡೆಯ ಮೇಲೇ ಬರೆಯುತ್ತಿದ್ದಾನೆ.

ತಾಳು, ಕನ್ನಡಕ ಹಾಕಿಕೊಳ್ಳುತ್ತೇನೆ.